ಒಮ್ಮೆ ಆಡಿದ ಹೆಸರು

ಬಂದವರ ಹೆಸರು ಕೇಳಬಾರದು ಎನ್ನುವುದು ನಶೆ ಬಿಡಿಸುವ ನಮ್ಮ ಗಂಡಸರ ಮನೆಯಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲು ಹೇಳಿಕೊಡುವ ಮಾತು. ನಾನು ಸೇರಿದ ದಿನವೇ ಅದನ್ನು ಮರೆತು ಹೆಸರು ಕೇಳಿದೆ. ಈ ಕೆಲಸಕ್ಕೆಂದು ಓದಿದ ಸಂಜೆ ತರಗತಿಯಲ್ಲಿ ನಮಗೆ ಕಲಿಸಿದ್ದೇ ಹಾಗೆ: ಬಂದವರನ್ನು ಕೂರಿಸಿ, ನೀರು ಕೊಟ್ಟು, ಹೆಸರು ಕೇಳಿ, ಆಮೇಲೆ ಮಿಕ್ಕ ಮಾತು. ಪಾಠ ಮಾಡಿದವರು ಬೇರೆ ಊರಿನವರು, ಅವರಿಗೆ ನಮ್ಮೂರಿನ ಸಂಗತಿ ತಿಳಿದಿರಲಿಲ್ಲ. ನನಗಾದರೂ ತಿಳಿದಿತ್ತಲ್ಲ, ಹುಟ್ಟಿ ಬೆಳೆದದ್ದು ಇಲ್ಲೇ. ಆದರೂ ಗೇಟಿನ ಹತ್ತಿರ ನಡುಗುತ್ತ ನಿಂತ ಮನುಷ್ಯನನ್ನು ಕಂಡು ಗಾಬರಿಯಾಗಿ "ನಿಮ್ಮ ಹೆಸರು?" ಎಂದುಬಿಟ್ಟೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದು ಇದ್ದಿದ್ರ ಇಲ್ಲಿ ಯಾಕ ಬರ್ತಿದ್ದೆ ಮಾಸ್ತರ?" ಎಂದ. ಅಂದಿನಿಂದ ನಾನು ಎಲ್ಲರಿಗೂ ಮಾಸ್ತರನಾದೆ. ನಾನು ಯಾವ ಶಾಲೆಯಲ್ಲೂ ಕಲಿಸಿದವನಲ್ಲ.

ನಮ್ಮೂರಿನಲ್ಲಿ ಗಂಡಸು ನಶೆಗೆ ಬಿದ್ದರೆ ಅವನ ಹೆಸರು ಊರವರ ನಾಲಿಗೆಯಿಂದ ಜಾರಿಹೋಗುತ್ತದೆ. ಹಬ್ಬಕ್ಕೊಮ್ಮೆ ಗುಟುಕು ಹಾಕಿ ಹಾಡಿ ಮಲಗುವವನ ಮಾತಲ್ಲ ಇದು. ಸೆರೆಯಾಗಲಿ, ಗಾಂಜಾ ಆಗಲಿ, ಗುಳಿಗೆಯಾಗಲಿ, ಅದಿಲ್ಲದೆ ಬೆಳಗಾಗದು ಎನ್ನುವಂತಾದವನ ಹೆಸರು ಮೊದಲು ತಲೆಯ ಕಡೆಯಿಂದ ಸವೆಯುತ್ತದೆ, ಆಮೇಲೆ ನಡುವಿನಿಂದ. ಕೊನೆಗೆ ಕರೆಯಲು ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತದೆ. ಬರೆದಿಟ್ಟ ಕಡೆಯೂ ಅಕ್ಷರ ಹರಡಿ, ಎಣ್ಣೆ ಬಿದ್ದ ಕಾಗದದ ಹಾಗೆ ಕಲೆಯಾಗುತ್ತದೆ. ಊರು ಇದಕ್ಕೆ ಯಾವತ್ತೋ ಹೊಂದಿಕೊಂಡಿದೆ. ಪೋಸ್ಟಿನವನು ವಿಳಾಸ ಓದದೆ ಕಲೆಯ ಆಕಾರ ನೋಡಿ ಮನೆ ಹುಡುಕುತ್ತಾನೆ. ಮದುವೆಯ ಕಾರ್ಡಿನಲ್ಲಿ ಹುಡುಗಿಯ ತಂದೆಯ ಹೆಸರಿನ ಜಾಗ ಖಾಲಿ ಇದ್ದರೆ ಪ್ರೆಸ್ಸಿನವರು ಅಲ್ಲೊಂದು ಹೂವಿನ ಚಿತ್ರ ಹಾಕಿಕೊಡುತ್ತಾರೆ. ಚಿತ್ರ ಚೆನ್ನಾಗಿದೆ ಎಂದು ಹೊಗಳಿದರೆ ಬೀಗರಿಗೆ ಸಿಟ್ಟು ಬರುತ್ತದೆ, ಅಷ್ಟೆ.

ಹೆಂಗಸರಿಗೂ ಹೀಗಾಗುತ್ತದೆಯೇ ಎಂದು ಪರವೂರಿನವರು ಕೇಳುವುದುಂಟು. ನಲ್ಲಿಯ ಹತ್ತಿರ ನಿಂತ ಹೆಂಗಸರು ನಗುತ್ತಾರೆ. "ನಮ್ಮ ಹೆಸರ ಮದುವ್ಯಾಗ ಹೋಗಿರ್ತಾವಲ್ರಿ. ಹೋದದ್ದು ಇನ್ನೊಮ್ಮೆ ಹ್ಯಾಂಗ ಹೋಗಬೇಕು?" ಎನ್ನುತ್ತಾರೆ. ನಮ್ಮ ಕಡೆ ಸೊಸೆಯಾಗಿ ಬಂದವಳಿಗೆ ಗಂಡನ ಮನೆಯವರು ಬೇರೆ ಹೆಸರಿಡುತ್ತಾರೆ. ಅವಳು ಗಂಡನ ಹೆಸರನ್ನು ಆಡುವುದಿಲ್ಲ. ಮದುವೆಯ ದಿನ ನಾದಿನಿಯರು ಬಾಗಿಲು ತಡೆದು ಕಾಡಿದಾಗ ಒಡಪು ಕಟ್ಟಿ, ಪ್ರಾಸದ ಕೊನೆಯಲ್ಲಿ ನಾಚಿಕೊಂಡು ಒಮ್ಮೆ ಹೇಳಿ ಒಳಗೆ ಬರುತ್ತಾಳೆ. ಆಮೇಲೆ ಜೀವನವೆಲ್ಲ "ರೀ" ಎನ್ನುವುದರಲ್ಲೇ ಮುಗಿಯುತ್ತದೆ.

ಗಂಡಸರ ಮನೆ ಊರಿನ ಹಳೆಯ ಹತ್ತಿ ಗೋದಾಮಿನಲ್ಲಿದೆ. ಅಲ್ಲಿಗೆ ಹೆಂಡತಿ, ತಾಯಿ, ಅಕ್ಕತಂಗಿ ಯಾರೂ ಗೇಟು ದಾಟಿ ಬರುವಂತಿಲ್ಲ. ಇದನ್ನು ಕೇಳಿ ಕೆಲವರು ಮೂಗು ಮುರಿಯುತ್ತಾರೆ. ನನಗೂ ಮೊದಮೊದಲು ಇದು ಸರಿಯೋ ತಪ್ಪೋ ತಿಳಿಯುತ್ತಿರಲಿಲ್ಲ. ಆದರೆ ಒಂದು ಸಂಗತಿ ಕಣ್ಣಾರೆ ಕಂಡೆ. ಹೆಂಗಸರು ಎದುರಿಗಿದ್ದರೆ ನಮ್ಮ ಗಂಡಸರು ಎದೆ ಉಬ್ಬಿಸಿ ಕೂರುತ್ತಾರೆ, ಇಲ್ಲವೆ ಅವರ ಮೇಲೆ ತಪ್ಪು ಹೊರಿಸುತ್ತಾರೆ. ಬರೀ ಗಂಡಸರೇ ಇದ್ದಾಗ ಸ್ವಲ್ಪ ದಿನ ಜಂಬ ಕೊಚ್ಚಿಕೊಳ್ಳುತ್ತಾರೆ. ಆಮೇಲೆ ಕೊಚ್ಚಿಕೊಳ್ಳುವುದಕ್ಕೂ ಬೇಸರ ಬರುತ್ತದೆ. ಅಲ್ಲಿಂದ ನಿಜವಾದ ಮಾತು ಶುರು.

ಮೊದಲ ದಿನಗಳಲ್ಲಿ ಮೈ ನಡುಗಿ, ಬೆವರಿ, ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಡಾಕ್ಟರು ಬಂದು ಮಾತ್ರೆ, ಸಲೈನು ಕೊಡುತ್ತಾರೆ. ಅದು ಅವರ ಕೆಲಸ. ನಾನು ಕೂರಿಸಿ ಮಾತಾಡಿಸಬೇಕು. ಇವೆರಡರ ನಡುವಿನದ್ದೆಲ್ಲ ದಾವಲಸಾಬನದು. ಅವನು ನಮ್ಮ ಅಡುಗೆಯವನು, ಹಿಂದೊಮ್ಮೆ ತನ್ನ ಹೆಸರನ್ನೂ ಕಳೆದುಕೊಂಡು ಇದೇ ಮನೆಯಲ್ಲಿ ಇದ್ದವನು. ದಿನವೂ ಹನ್ನೊಂದರ ಬಿಸಿಲಿಗೆ ಎಲ್ಲರನ್ನೂ ಹಿಂದಿನ ಕಟ್ಟೆಗೆ ಕರೆದು ಒಬ್ಬೊಬ್ಬರಿಗೂ ಒಂದು ಈಳಿಗೆಮಣೆ, ಒಂದು ಬುಟ್ಟಿ ಉಳ್ಳಾಗಡ್ಡಿ ಕೊಡುತ್ತಾನೆ. ಇದ್ದವರೇ ಸ್ವಲ್ಪ ಮಂದಿ, ಅಷ್ಟು ಉಳ್ಳಾಗಡ್ಡಿ ಯಾವ ಪಲ್ಯಕ್ಕೂ ಬೇಡ. ನಾನು ಸೇರಿದ ಹೊಸದರಲ್ಲಿ ಇದು ದಂಡ ಎಂದು ಅವನಿಗೆ ಹೇಳಿದೆ.

"ಮಾಸ್ತರ, ನೀವು ಅಳ್ರಿ ಅಂದ್ರ ಗಂಡಸ ಅಳ್ತಾನೇನ್ರಿ?" ಎಂದ ದಾವಲಸಾಬ. "ಉಳ್ಳಾಗಡ್ಡಿ ಹೆಚ್ಚಂದ್ರ ಅಳ್ತಾನ. ಯಾರೂ ಯಾಕಂತ ಕೇಳೂದಿಲ್ಲ. ಪಲ್ಯಾ ಆಮ್ಯಾಲ ನೋಡೂಣು."



ಈ ಕತೆಯ ಮನುಷ್ಯ ನಮ್ಮಲ್ಲಿಗೆ ಬಂದದ್ದು ಮದುವೆಯ ಹಂಗಾಮು ಮುಗಿದ ಮೇಲೆ. ಹೆಸರಿಲ್ಲದವರನ್ನು ಕಸುಬಿನಿಂದ ಕರೆಯುವುದು ನಮ್ಮ ರೂಢಿ. ಲಾರಿ ಹೊಡೆಯುತ್ತಿದ್ದವನು ಲಾರಿ, ಶಾಲೆಯಲ್ಲಿ ಕವಾಯತು ಮಾಡಿಸುತ್ತಿದ್ದವನು ಡ್ರಿಲ್. ಇವನು ಮದುವೆಯ ಬ್ಯಾಂಡ್ ಕಂಪನಿಯಲ್ಲಿ ಹಿತ್ತಾಳೆಯ ಕಾರ್ನೆಟ್ ಊದುವವನಾದ್ದರಿಂದ ಬ್ಯಾಂಡ್ ಆದ. ಮದುವೆಯ ಬ್ಯಾಂಡಿನವರಿಗೆ ದಿಬ್ಬಣದ ಕಡೆಯವರು ಪ್ರೀತಿಯಿಂದ ಕುಡಿಸುತ್ತಾರೆ. ಊದಿದಷ್ಟೂ ಗಂಟಲು ಒಣಗುತ್ತದೆ, ಒಣಗಿದಷ್ಟೂ ಹೊಯ್ಯುತ್ತಾರೆ. ಊರಿನ ಜನರ ಸಂತೋಷವನ್ನೆಲ್ಲ ಕುಡಿದೇ ಅವನ ಕೈ ನಡುಗಲು ಹತ್ತಿತ್ತು.

ಅವನನ್ನು ಗೇಟಿನವರೆಗೆ ಕರೆತಂದವಳು ಹೆಂಡತಿ ಸಾವಂತ್ರೆವ್ವ, ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವವಳು. ಒಂದು ಕೈಯಲ್ಲಿ ಅವನ ರಟ್ಟೆ, ಇನ್ನೊಂದರಲ್ಲಿ ರೊಟ್ಟಿಯ ಗಂಟು. ಗೇಟಿನ ಗೆರೆಯ ಹೊರಗೇ ನಿಂತು, "ಇವರನ್ನ ತಗೋರಿ ಮಾಸ್ತರ. ಇದು ಮೂರನೇ ಸಲ" ಎಂದಳು. ಆ ಮಾತಿಗೆ ದಾವಲಸಾಬ ಕೂಡ ಒಲೆಯ ಮುಂದಿನಿಂದ ಎದ್ದು ಬಂದ.

ಮೂರನೇ ಸಲ ಎಂದರೆ ಏನೆಂದು ಊರಿಗೆಲ್ಲ ಗೊತ್ತು. ಮೊದಲೆರಡು ಸಲ ಹೋದ ಹೆಸರು, ಮನುಷ್ಯ ಬಿಟ್ಟು ಸುಧಾರಿಸಿದರೆ, ತಾನೇ ತಿರುಗಿ ಬರುತ್ತದೆ. ಪೇಟೆಯಲ್ಲಿ ಯಾರೋ ಏನೋ ಮಾತಾಡುತ್ತಿರುವಾಗ ಬಾಯಿಗೆ ಸಿಕ್ಕುತ್ತದೆ, ಅವರು ಇದ್ದ ಕೆಲಸ ಬಿಟ್ಟು ಗಂಡಸರ ಮನೆಗೆ ಓಡಿಬರುತ್ತಾರೆ. ಮೂರನೇ ಸಲ ಹೋದದ್ದು ತಾನಾಗಿ ಬರುವುದಿಲ್ಲ. ಯಾರ ನಾಲಿಗೆಯ ಮೇಲಾದರೂ ಅದು ಉಳಿದಿರಬೇಕು. ಅವರು ಬಾಯಿಬಿಟ್ಟು ಕರೆದರೆ ಊರಿಗೆಲ್ಲ ಬರುತ್ತದೆ. ಸಾಮಾನ್ಯವಾಗಿ ತಾಯಂದಿರು ಉಳಿಸಿಕೊಂಡಿರುತ್ತಾರೆ. ಬ್ಯಾಂಡಿನ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಹೆಸರು ಬಾರದ ಗಂಡಸರು ನಮ್ಮೂರಿನಲ್ಲಿ ಇದ್ದಾರೆ. ಅವರನ್ನು ಯಾರೂ ಬೈಯುವುದಿಲ್ಲ, ಆದರೆ ಯಾರೂ ಕರೆಯುವುದೂ ಇಲ್ಲ. ಕರೆಯದೆ ಕರೆಯದೆ ಅವರು ಊಟದ ಪಂಕ್ತಿಯಲ್ಲಿ, ಜಗಲಿಯ ಹರಟೆಯಲ್ಲಿ, ಕೊನೆಗೆ ಮನೆಯೊಳಗೂ ತೆಳ್ಳಗಾಗುತ್ತ ಹೋಗುತ್ತಾರೆ. ತೆಳ್ಳಗಾದವರು ಮತ್ತೆ ಸೆರೆ ಅಂಗಡಿಯ ಕಡೆಗೇ ನಡೆಯುತ್ತಾರೆ.

ನಡುಕದ ದಿನಗಳು ಕಳೆದ ಮೇಲೆ ಬ್ಯಾಂಡ್ ಒಳ್ಳೆಯ ರೋಗಿಯಾದ. ಬಟ್ಟೆ ಒಗೆಯುತ್ತಿದ್ದ, ಅಂಗಳ ಗುಡಿಸುತ್ತಿದ್ದ, ಬಾವಿಯಿಂದ ನೀರು ಸೇದಿ ಅಡುಗೆಮನೆಯ ಹಂಡೆ ತುಂಬಿಸುತ್ತಿದ್ದ. ನೀರು ತರುವುದರಲ್ಲಿ ಅವನಿಗೇನೋ ಖುಷಿ. ಮನೆಯಲ್ಲಿ ಎಂದೂ ತಂದವನಲ್ಲವಂತೆ. ಕಾರ್ನೆಟ್ಟನ್ನು ಹಳೆಯ ಪಂಚೆಯಲ್ಲಿ ಸುತ್ತಿ ತನ್ನ ಮಂಚದ ಕೆಳಗಿಟ್ಟಿದ್ದ. ಅದರ ಬಾಯಿಯಿಂದ ಇನ್ನೂ ಸೆರೆಯ ವಾಸನೆ ಬರುತ್ತದೆ ಎಂದು ಮುಟ್ಟುತ್ತಿರಲಿಲ್ಲ.

ಒಂದು ದಿನ ಪೆಟ್ರೋಲ್ ಬಂಕಿನವನೊಬ್ಬ ಕೈಯಲ್ಲಿ ಪೈಪಿನ ಮುಚ್ಚಳ ಹಿಡಿದುಕೊಂಡೇ ಓಡಿಬಂದು, "ಫಕೀರಪ್ಪ! ಫಕೀರಪ್ಪ!" ಎಂದು ಗೇಟಿನಲ್ಲಿ ಕೂಗಿದ. ಲಾರಿ ಬಚ್ಚಲಿನಿಂದ ಸೋಪಿನ ನೊರೆಯಲ್ಲೇ ಹೊರಗೆ ಬಂದು, "ನಾನ! ನಾನs ಅಂವ!" ಎಂದು ಕುಣಿದ. ಡ್ರಿಲ್ ಅವನಿಗೆ ಟವೆಲ್ ಎಸೆದು, "ಹೆಸರ ಬಂತು, ಮಾನ ಹೋತು" ಎಂದ. ಎಲ್ಲರೂ ನಕ್ಕೆವು. ಬ್ಯಾಂಡ್ ಕೂಡ ನಕ್ಕ. ಆಮೇಲೆ ಹೋಗಿ, ತುಂಬಿದ್ದ ಹಂಡೆಗೇ ಮತ್ತೊಂದು ಕೊಡ ನೀರು ಸುರಿದ. ನೀರೆಲ್ಲ ನೆಲಕ್ಕೆ ಹರಿಯಿತು.

ಅದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ನಾನು ಓದಿದ್ದು ಕಡಿಮೆ, ಅದೂ ಹಗಲೆಲ್ಲ ದುಡಿದು ತೂಕಡಿಸುತ್ತ ಓದಿದ್ದು. ಬುದ್ಧಿಯಿಂದ ಆಗದ್ದನ್ನು ಓಡಾಟದಿಂದ ಮಾಡಬಹುದು ಎಂದು ನನ್ನ ನಂಬಿಕೆ. ಬ್ಯಾಂಡ್ ಕಂಪನಿಯ ಯಜಮಾನನ ಬಳಿಗೆ ಹೋದೆ. ಅವನು ಬಹಳ ಹೊತ್ತು ಬಾಯಿ ತೆರೆದು ಮುಚ್ಚಿ, "...ಪ್ಪ" ಎಂದ. ಕ್ಷೌರದವನೂ ಕತ್ತರಿ ನಿಲ್ಲಿಸಿ "...ಪ್ಪ" ಎಂದ. ಜೊತೆಗೆ ಓದಿದವನೊಬ್ಬ ಗೋಡೆಗೆ ತಲೆ ಒರಗಿಸಿ ಯೋಚಿಸಿ "ಏನೋ ಒಂದು ಪ್ಪ ರೀ" ಎಂದ. ನಮ್ಮೂರಿನಲ್ಲಿ ಅರ್ಧ ಗಂಡಸರ ಹೆಸರು ಪ್ಪ ಎಂದೇ ಮುಗಿಯುತ್ತದೆ, ನನ್ನದೂ ಸೇರಿ. ಆದರೂ ಸಿಕ್ಕಿದ್ದನ್ನು ಬಿಡಬಾರದು ಎಂದು ನಾನು ಕಾಗುಣಿತ ಹಿಡಿದೆ. ಕಟ್ಟೆಯ ಮೇಲೆ ಬ್ಯಾಂಡನ್ನು ಕೂರಿಸಿಕೊಂಡು ಕಲ್ಲಪ್ಪ, ಕಾಳಪ್ಪ, ಕಿಟ್ಟಪ್ಪ ಎಂದು ಶುರುಮಾಡಿ ದಿನಕ್ಕೊಂದು ಅಕ್ಷರ ಮುಗಿಸಿದೆ. ಹೋದ ಹೆಸರು ಹಾಗೆ ಸಿಕ್ಕುವುದಿಲ್ಲ, ಎದುರಿಗೆ ಬಂದರೂ ಬಾಯಿ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ ಎಂದು ದಾವಲಸಾಬ ಹೇಳುತ್ತಲೇ ಇದ್ದ. ಬ್ಯಾಂಡ್ ಮಾತ್ರ ನನ್ನ ಮನಸ್ಸು ನೋಯಬಾರದೆಂದು ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿ, "ಛಲೋ ಹೆಸರ ಐತ್ರಿ. ನಂದಲ್ಲ" ಎನ್ನುತ್ತಿದ್ದ.

ಕಾಗುಣಿತ ಮುಗಿದ ದಿನ ಸಾವಂತ್ರೆವ್ವಳ ಖಾನಾವಳಿಗೆ ಹೋದೆ. ನನ್ನಿಂದ ಆಗಲಿಲ್ಲ ಎಂದು ಅವಳಿಗೆ ನಾನೇ ಹೇಳಬೇಕು ಅನ್ನಿಸಿತ್ತು. ಮಧ್ಯಾಹ್ನದ ಊಟದ ಗದ್ದಲ ಇಳಿದಿತ್ತು. ಅವಳು ಒಲೆಯ ಮುಂದೆ ಕೂತು ಮರದ ಕೊಣಮಿಗೆಯಲ್ಲಿ ಹಿಟ್ಟು ನಾದುತ್ತಿದ್ದಳು. ಯಜಮಾನ, ಕ್ಷೌರದವನು, ಗೆಳೆಯ, ಓಣಿಯವರು, ಎಲ್ಲರನ್ನೂ ಕೇಳಿದ್ದನ್ನು ಹೇಳಿದೆ. ಅವಳು ರೊಟ್ಟಿ ತಟ್ಟುತ್ತ ಕೇಳಿಸಿಕೊಂಡಳು. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಅಂದಳು:

"ನನ್ನ ಕೇಳs ಇಲ್ಲಲ್ರಿ ಮಾಸ್ತರ."

"ನೀವು ಹೆಸರು ಹೇಳೋದಿಲ್ಲವಲ್ಲ ಸಾವಂತ್ರೆವ್ವ. ಹೇಳದವರ ಬಾಯಲ್ಲಿ ಎಲ್ಲಿಂದ..."

"ಹೇಳದವರ ಬಾಯಾಗಿಂದ ಹ್ಯಾಂಗ ಜಾರ್ತೈತ್ರಿ?" ಎಂದಳು ಅವಳು. "ನೀವೆಲ್ಲಾ ದಿನಾ ಕರದ ಕರದ ಸವಿಸಿದ್ರಿ. ನಾ ಮದುವಿ ದಿನ ಒಮ್ಮೆ ಆಡೀನಿ, ಬಾಗಲದಾಗ, ಒಡಪಿನ್ಯಾಗ. ಇಟ್ಟಲ್ಲೆ ಐತಿ."

ಊರೆಲ್ಲ ಸುತ್ತಿದೆ. ಹೆಸರು ಇಲ್ಲಿ, ಈ ಒಲೆಯ ಮುಂದೆ ಇತ್ತು. ಹೆಂಗಸರು ಗಂಡನ ಹೆಸರು ಆಡುವುದಿಲ್ಲ ಎಂಬುದು ನಮಗೆ ಎಷ್ಟು ಖಾತ್ರಿಯಾಗಿತ್ತೆಂದರೆ, ಅವರಿಗೆ ಅದು ಗೊತ್ತಿದೆ ಎಂಬುದನ್ನೇ ಮರೆತಿದ್ದೆವು.

"ಹಾಗಾದರೆ ಹೇಳಿಬಿಡಿ ತಾಯಿ! ಈಗಲೇ ಗೇಟಿನ ಹತ್ತಿರ ಬಂದು..."

"ಇಲ್ರಿ."

ಅವಳು ರೊಟ್ಟಿ ತಿರುವಿದಳು. ಅದು ಉಬ್ಬಿತು.

"ಒಂದ ಐತ್ರಿ ಅದು. ನಾ ಆಡಿದ್ರ ಊರ ಮಂದಿ ಬಾಯಿಗೆಲ್ಲಾ ಬರ್ತೈತಿ, ಖರೆ. ಹೋದ ಎರಡ ಸಲಾನೂ ತಾನs ಬಂತು. ಬಂದ ದಿನ ಹೋಳಗಿ ಮಾಡಿದ್ದೆ. ಹೋಳಗಿ ಹಳಸೂದ್ರಾಗ ಕುಡದ ಬಂದ್ರು. ಈ ಸಲ ಆಡಿದ ಮ್ಯಾಲ ಹೋತಂದ್ರ, ಆಡಿದ್ದಂತೂ ನನ್ನ ಹತ್ರಾನೂ ಉಳಿಯೂದಿಲ್ಲ. ಆಮ್ಯಾಲ ಅವರಿಗೆ ಯಾರ ಅದಾರ್ರಿ? ನನಗರ ಏನ ಐತಿ?"

ಗಂಡನ ಚಟಕ್ಕೆ ಹೆಂಡತಿಯನ್ನು ಕಾವಲು ಕೂರಿಸಬಾರದು ಎಂದು ಸಂಜೆ ತರಗತಿಯಲ್ಲಿ ಕಲಿತದ್ದು ನೆನಪಾಯಿತು. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಉತ್ತರವನ್ನೂ ಬರೆದಿದ್ದೆ. ಎದುರಿಗೆ ಬಂದಾಗ ಮಾತ್ರ ನನ್ನ ಬಾಯಿಂದ ಮೊದಲು ಹೊರಟದ್ದು "ಹೇಳಿಬಿಡಿ" ಎಂಬುದೇ.

"ಅವನಿಗೆ ಇದನ್ನು ತಿಳಿಸಲೇ?" ಎಂದು ಕೇಳಿದೆ.

"ತಿಳಸ್ರಿ. ಕಾಡಾಕ ಮಾತ್ರ ಬರಬಾರ್ದು." ಅವಳು ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. "ಉಣ್ರಿ. ಬಡವಾಗೀರಿ ನೀವೂ."

ಮರುದಿನ ಉಳ್ಳಾಗಡ್ಡಿಯ ಹೊತ್ತಿನಲ್ಲಿ ಹೇಳಿದೆ. ತಡವರಿಸಿ, ಹಿಂದುಮುಂದಾಗಿ ಹೇಳಿದೆ. ಬ್ಯಾಂಡಿನ ಕೈ ನಿಂತಿತು. ಮೊದಲು ಮುಖ ಅರಳಿತು. ಅವಳು ಹೇಳುವುದಿಲ್ಲವಂತೆ ಎಂಬುದು ತಲೆಗೆ ಇಳಿದ ಮೇಲೆ ಕೆಂಪಾಯಿತು.

"ಆಕಿ ಹತ್ರ ಐತಿ? ಇಷ್ಟ ದಿನ ಬಾಯಿ ಮುಚ್ಚಿಕೊಂಡ ಕುಂತಾಳ? ನನ್ನ ಹೆಸರ ನನಗ ಕೊಡಾಕ ಏನ ಧಾಡಿ ಆಕಿಗೆ?" ಎಂದು ಎದ್ದು ನಿಂತ. ಈಳಿಗೆಮಣೆ ಉರುಳಿತು. "ನಾ ಈಗ ಹೋಗಿ ಕೇಳ್ತೀನಿ!"

ದಾವಲಸಾಬ ತಲೆ ಎತ್ತದೆ ಉಳ್ಳಾಗಡ್ಡಿಯ ಸಿಪ್ಪೆ ಸುಲಿಯುತ್ತ, "ಹೋಗಪಾ, ಹೋಗು. ಹೋಗಿ ಆಕೀನ ಏನಂತ ಕರೀತಿ?" ಎಂದ.

"ಏನಂತ ಅಂದ್ರ? ಏ ಅಂತೀನಿ. ಕೇಳಿಲ್ಲೆ ಅಂತೀನಿ."

"ಹೆಸರ?"

"ಸಾವಂತ್ರೆವ್ವ."

"ಅದು ನಿಮ್ಮವ್ವ ಇಟ್ಟದ್ದು. ಆಕಿ ಬರಾಕ ಮುಂಚೆ ಆಕೀಗೆ ಒಂದ ಹೆಸರ ಇತ್ತಲ್ಲೋ. ಅದನ್ನ ಏನ ಮಾಡಿದಿ? ಮಾರಿ ಕುಡದಿ?"

ಎಲ್ಲರೂ ನಗುತ್ತಾರೆ ಎಂದುಕೊಂಡೆ. ಡ್ರಿಲ್ ನಗಲು ಬಾಯಿ ತೆರೆದವನು ಅರ್ಧಕ್ಕೇ ಮುಚ್ಚಿದ. ಅವನ ಹಣೆ ಗಂಟಾಯಿತು. ಅವನೂ ಹುಡುಕುತ್ತಿದ್ದ. ಹೆಸರು ಬಂದ ಮೇಲೂ ಊಟಕ್ಕೆಂದು ದಿನವೂ ಬರುತ್ತಿದ್ದ ಲಾರಿ ಫಕೀರಪ್ಪ, "ನಮ್ಮಾಕಿದು... ಏನೋ ಹೊಳಿ ಹೆಸರ ಇತ್ತಪಾ" ಎಂದು ತನ್ನಷ್ಟಕ್ಕೆ ಗೊಣಗಿದ. ನಾನು ಮದುವೆಯಾಗದವನು. ಆದರೆ ನನ್ನ ತಾಯಿಗೆ ತವರಿನಲ್ಲಿದ್ದ ಹೆಸರು ಏನೆಂದು ಆ ಹೊತ್ತು ನನಗೂ ಹೊಳೆಯಲಿಲ್ಲ. ಉಳ್ಳಾಗಡ್ಡಿ ಹೆಚ್ಚದಿದ್ದರೂ ಕಣ್ಣು ಒರೆಸಿಕೊಂಡೆ.

ಬ್ಯಾಂಡ್ ಮತ್ತೆ ಕೂತ. ಮಣೆ ನೆಟ್ಟಗೆ ಮಾಡಿಕೊಂಡು ಹೆಚ್ಚತೊಡಗಿದ.

ಅಲ್ಲಿಂದ ಅವನು ತನ್ನ ಹೆಸರಿನ ಮಾತೆತ್ತಲಿಲ್ಲ. ಅವಳದನ್ನು ಹುಡುಕಲು ಕೂತ. ನೀರು ಸೇದುತ್ತ ಹುಡುಕಿದ, ಬಟ್ಟೆ ಹಿಂಡುತ್ತ ಹುಡುಕಿದ. ಅವಳಿಗೆ ಬೇರೆ ಹೆಸರಿಟ್ಟದ್ದು ಯಾಕೆಂಬುದು ಮಾತ್ರ ಅವನಿಗೆ ನೆನಪಿತ್ತು. ಮನೆಯ ಹಿರಿಯ ಸೊಸೆಯದೂ ಅದೇ ಹೆಸರಾಗಿತ್ತು, ಒಂದೇ ಮನೆಯಲ್ಲಿ ಎರಡು ಯಾಕೆ ಎಂದು ತಾಯಿ ಸಾವಂತ್ರೆವ್ವ ಎಂದು ಕರೆದಿದ್ದಳು. ಹಿರಿಯ ಸೊಸೆ ಹೆರಿಗೆಯಲ್ಲಿ ಹೋದಳು. ಆಮೇಲೆ ಮನೆಯಲ್ಲಿ ಆ ಹೆಸರು ಎತ್ತುವವರೇ ಇಲ್ಲವಾದರು. ಖಾನಾವಳಿಗೆ ಹೋಗಿ ಕೇಳಿಬರಲೇ ಎಂದು ನಾನು ಅಂದಾಗ ಅವನು, "ಬ್ಯಾಡ್ರಿ ಮಾಸ್ತರ. ಆಕೀನ ಕೇಳಿ ಹೇಳಿದ್ರ ಅದು ನಾ ಹೇಳಿದಂಗ ಆಗೂದಿಲ್ಲ" ಎಂದ. ಅವನು ಈ ಮನೆಯಲ್ಲಿ ಆಡಿದ ಮಾತುಗಳಲ್ಲಿ ಇದು ನನಗೆ ಬಹಳ ಇಷ್ಟವಾಯಿತು.

ದಿನಗಳು ಹೋದವು. ಡ್ರಿಲ್ಲಿನ ಹೆಸರೂ ಬಂತು, ಅವನೂ ಹೊರಟ. ಹೊರಡುವ ದಿನ ಬ್ಯಾಂಡಿನ ಕಿವಿಯಲ್ಲಿ, "ನಮ್ಮಾಕಿ ಶೇವಂತಿ" ಎಂದು ಹೇಳಿಹೋದ.

ಅದರ ಮುಂದಿನ ವಾರವಿರಬೇಕು, ದಾವಲಸಾಬ ಮಂಚಗಳನ್ನೆಲ್ಲ ಬಿಸಿಲಿಗೆ ಹಾಕಿಸುತ್ತಿದ್ದ. ಬ್ಯಾಂಡಿನ ಮಂಚ ಎತ್ತಿದಾಗ ಪಂಚೆಯ ಗಂಟು ಕಾಲಿಗೆ ತೊಡರಿತು. "ಏ ತಮ್ಮಾ, ನಿನ್ನ ತುತ್ತೂರಿ ತಗೀ ಮೊದಲ" ಎಂದು ಕೂಗಿದ.

ಬ್ಯಾಂಡಿಗೆ ಸಿಟ್ಟು ಬಂತು. "ಅದಕ್ಕ ತುತ್ತೂರಿ ಅನಬ್ಯಾಡ ಚಾಚಾ. ಕಾರ್ನೆಟ್ ಅದು. ಕಂಪನಿಯಾಗ ಯಾರರ ತುತ್ತೂರಿ ಅಂದ್ರ ಹೊಡದಾಟ ಆಗ್ತಿದ್ವು. ಹಂಗ ಅಂತಿದ್ದಾಕಿ ನಮ್ಮಾಕಿ ಒಬ್ಬಾಕೀನ. ನಾ ಹೊಸದಾಗಿ ಊದಾಕ ಕಲಿಯುವಾಗ ಮದುವಿಗೆ ಮುಂಚೆ, ನಾ ಆಕಿ ಓಣ್ಯಾಗ ಹಾದ್ರ ಸಾಕು, ತುತ್ತೂರಿ ಬಂತು ತುತ್ತೂರಿ ಬಂತು ಅಂತಿದ್ಲು. ನಾನೂ ಬಿಡ್ತಿದ್ದಿಲ್ಲ, ತಿರುಗಿ..."

ಅವನು ನಿಂತ. ಬಾಯಿ ತೆರೆದೇ ಇತ್ತು.

"ತಿರುಗಿ ಏನಂತಿದ್ದೆಪಾ?" ಎಂದ ದಾವಲಸಾಬ ಮೆಲ್ಲಗೆ. ಮಂಚದ ಒಂದು ತುದಿ ಇನ್ನೂ ಅವನ ಕೈಯಲ್ಲಿತ್ತು.

ಬ್ಯಾಂಡ್ ಅಂಗಳದ ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆ ಗಂಟನ್ನು ಎದೆಗೆ ಒತ್ತಿ ಹಿಡಿದುಕೊಂಡು ಅತ್ತ. ಉಳ್ಳಾಗಡ್ಡಿ ಇರಲಿಲ್ಲ. ಯಾರೂ ಯಾಕೆಂದು ಕೇಳಲಿಲ್ಲ.

ಹೆಸರು ಬಾರದೆ ಯಾರನ್ನೂ ನಾವಾಗಿ ಹೊರಗೆ ಬಿಡುವ ರೂಢಿ ನಮ್ಮಲ್ಲಿರಲಿಲ್ಲ. ಅವನು ಮಾತ್ರ ಮನೆಗೆ ಹೋಗುತ್ತೇನೆ ಎಂದ. ಬಿಟ್ಟು ಕಳಿಸಿ ಅವನು ಮತ್ತೆ ಕುಡಿದರೆ ಅದು ನನ್ನ ತಲೆಗೆ. ಕಳಿಸದೆ ಹಿಡಿದಿಟ್ಟು ಅವನು ಇಲ್ಲೇ ತೆಳ್ಳಗಾದರೆ ಅದೂ ನನ್ನ ತಲೆಗೆ. ಡಾಕ್ಟರನ್ನು ಕೇಳಿದೆ. ಮೈ ಸುಧಾರಿಸಿದೆ, ಮಾತ್ರೆ ತಪ್ಪಿಸಬಾರದು, ವಾರವಾರ ಬಂದು ಕೂರಬೇಕು, ಮಿಕ್ಕದ್ದು ನೀವು ನೋಡಿ ಎಂದರು. ದಾವಲಸಾಬನನ್ನು ಕೇಳಿದೆ. "ನಡೀರಿ, ಬಿಟ್ಟ ಬರೂಣು" ಎಂದ. ಅವನು ಹೆಗಲಿಗೆ ಟವೆಲ್ ಹಾಕಿಕೊಂಡದ್ದನ್ನು ನೋಡಿ ನನಗೂ ಧೈರ್ಯ ಬಂತು.

ಮೂವರೂ ನಡೆದುಕೊಂಡೇ ಹೋದೆವು. ಸೆರೆ ಅಂಗಡಿಯ ಮುಂದೆ ಹಾಯುವಾಗ ಬ್ಯಾಂಡ್ ನಮ್ಮಿಬ್ಬರ ನಡುವೆ ಬಂದ. ಮುಚ್ಚಿಡುವ ಯತ್ನವನ್ನೇನೂ ಮಾಡಲಿಲ್ಲ. "ಇಲ್ಲೆ ಸ್ವಲ್ಪ ಮಾತಾಡ್ಕೋತ ಹೋಗೂಣ್ರಿ" ಎಂದ. ನಾನು ಏನು ಮಾತಾಡಬೇಕೋ ತಿಳಿಯದೆ ಕಾಗುಣಿತವನ್ನೇ ಹೇಳಿದೆ. ಅವನು ನಕ್ಕುಬಿಟ್ಟ, ಅಂಗಡಿ ಹಿಂದೆ ಹೋಯಿತು.

ಖಾನಾವಳಿಯ ಬಾಗಿಲಲ್ಲಿ ಸಾವಂತ್ರೆವ್ವ ನಮ್ಮನ್ನು ಕಂಡಳು. ಎದ್ದು ಬಂದಳು. ಅವಳ ಮೊಣಕೈವರೆಗೂ ಜೋಳದ ಹಿಟ್ಟು. ಹೊಸಿಲಿನ ಒಳಗೆ ನಿಂತು, ಒಂದು ಕೈಯನ್ನು ಬಾಗಿಲಿಗೆ ಅಡ್ಡ ಚಾಚಿದಳು. ಹಿಟ್ಟಿನ ಅಂಗೈ ಚೌಕಟ್ಟಿಗೆ ಒತ್ತಿತ್ತು. ಒಳಗೆ ಉಣ್ಣುತ್ತಿದ್ದ ಒಬ್ಬಿಬ್ಬರು ತುತ್ತು ಹಿಡಿದೇ ಕೂತರು.

"ಕಾಡಾಕ ಬಂದೀರೇನು?" ಎಂದಳು.

"ಇಲ್ಲ," ಎಂದ ಬ್ಯಾಂಡ್. "ನನ್ನ ಹೆಸರ ಹೇಳಬ್ಯಾಡ ನೀ. ನಿನ್ನ ಹತ್ರನ ಇರ್ಲಿ, ಛಲೋ ಇಟ್ಟಿ. ನಾ ಹಂಗs ಇರ್ತೀನಿ."

"ಮತ್ತ?"

ಅವನು ಕಾಲು ಬದಲಿಸಿದ. ಎಷ್ಟು ಮದುವೆಗಳ ಮುಂದೆ ನಡೆದ ಮನುಷ್ಯ, ಈಗ ಹೊಸ ಮದುಮಗನ ಹಾಗೆ ಅಂಗಿಯ ಗುಂಡಿ ತಿರುವುತ್ತ ನಿಂತ. ದಾವಲಸಾಬ ಅವನ ಬೆನ್ನಿಗೆ ಬೆರಳಿನಿಂದ ತಿವಿದ. ಬ್ಯಾಂಡ್ ಗಂಟಲು ಸರಿಮಾಡಿಕೊಂಡು, ಅವಳ ಮುಖ ನೋಡದೆ ಬಾಗಿಲಿನ ಮೇಲಿನ ತೋರಣ ನೋಡುತ್ತ ಅಂದ:

"ಊರ ಮಂದಿ ಮದುವಿಗೆಲ್ಲಾ ಊದಿದೆ ತುತ್ತೂರಿ,
ನನ್ನ ಮನಿ ಬಾಗಲದಾಗ ನಿಂತಾಳ ಕಸ್ತೂರಿ."

ಒಳಗಿದ್ದವರಲ್ಲಿ ಒಬ್ಬ "ಭಲೇ" ಎನ್ನಲು ಹೋಗಿ ಸುಮ್ಮನಾದ. ಸಾವಂತ್ರೆವ್ವ ಅಲುಗಲಿಲ್ಲ. ಅವಳ ಹಿಂದೆ ಹಂಚಿನ ಮೇಲೆ ರೊಟ್ಟಿ ಹೊಗೆಯಾಡುತ್ತಿತ್ತು. ಖಾನಾವಳಿ ಇಟ್ಟ ಮೇಲೆ ಅವಳ ಕೈಯಲ್ಲಿ ರೊಟ್ಟಿ ಸೀದದ್ದನ್ನು ಕಂಡವರಿಲ್ಲ, ಅದೂ ಆಗಿಹೋಯಿತು. ಅವಳು ಕೈ ಇಳಿಸಿದಳು. ಚೌಕಟ್ಟಿನ ಮೇಲೆ ಬಿಳಿಯ ಐದು ಬೆರಳು ಮೂಡಿದ್ದವು.

"ತುತ್ತೂರಿ ಅಲ್ಲ, ಕಾರ್ನೆಟ್ ಅಂತಿದ್ರಿ," ಎಂದಳು. "ಕಾಲ ತೊಳಕೊಂಡ ಒಳಗ ಬರ್ರಿ. ಮಾಸ್ತರ, ಚಾಚಾ, ನೀವೂ ಬರ್ರಿ. ಸೀದದ್ದು ಅವರಿಗೆ ಹಾಕ್ತೀನಿ."

ಅವಳು ಅವನ ಹೆಸರು ಹೇಳಲಿಲ್ಲ. ಅಂದೂ ಹೇಳಲಿಲ್ಲ, ಅದರ ಮುಂದಿನ ಹಬ್ಬಕ್ಕೂ ಹೇಳಲಿಲ್ಲ. ಊರಿನಲ್ಲಿ ಅವನನ್ನು ಕಸ್ತೂರಿಯ ಗಂಡ ಎಂದು ಕರೆಯಲು ಶುರುಮಾಡಿದರು. ಅದು ನಮ್ಮೂರಿಗೆ ಹೊಸದು. ನಲ್ಲಿಯ ಹತ್ತಿರದ ಹೆಂಗಸರಿಗೆ ಅದನ್ನು ಹೇಳಿದಷ್ಟೂ ಸಾಲದು. ಕೆಲವು ಮನೆಗಳಲ್ಲಿ ಗಂಡಂದಿರನ್ನು ಬಾಗಿಲಲ್ಲಿ ತಡೆದು ಪರೀಕ್ಷೆ ಮಾಡಿದರೆಂದೂ, ಉತ್ತರ ಬಾರದವರು ಜಗಲಿಯಲ್ಲೇ ಉಂಡರೆಂದೂ ಸುದ್ದಿ. ನಾನು ನನ್ನ ತಾಯಿಯನ್ನು ಕೇಳಿದೆ. ಅವಳು ಬಹಳ ಹೊತ್ತು ನಕ್ಕು, ಆಮೇಲೆ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅವನು ವಾರವಾರ ಕಟ್ಟೆಗೆ ಬಂದು ಉಳ್ಳಾಗಡ್ಡಿ ಹೆಚ್ಚಿಹೋಗುತ್ತಿದ್ದ. ಮತ್ತೆ ಮದುವೆಯ ಹಂಗಾಮು ಬಂತು. ಅವನು ಕಾರ್ನೆಟ್ಟನ್ನು ಬಿಸಿನೀರಿನಲ್ಲಿ ತೊಳೆದು ಹೊರಟ ದಿನ ನನಗೆ ಊಟ ಸೇರಲಿಲ್ಲ. ಸಂಜೆ ಖಾನಾವಳಿಯ ಎದುರಿನ ಕಲ್ಲಿನ ಮೇಲೆ, ಸುಮ್ಮನೆ ಬಂದವನಂತೆ ಹೋಗಿ ಕೂತೆ. ಅವನು ದಿಬ್ಬಣ ಮುಟ್ಟಿಸಿ, ಕೊಟ್ಟ ಲೋಟ ಮುಟ್ಟದೆ ನೇರ ಮನೆಗೆ ಬಂದ. ಬರುವಾಗ ದೂರದಿಂದಲೇ ಊದಿಕೊಂಡು ಬಂದ, ತಾನು ಎಲ್ಲಿಯವರೆಗೆ ಬಂದೆ ಎಂದು ಅವಳಿಗೆ ತಿಳಿಯಲಿ ಎಂದು. ಆ ಹಂಗಾಮೆಲ್ಲ ಹಾಗೇ ಮಾಡಿದ. ಒಂದು ಸಂಜೆ ಮಾತ್ರ ಊದುವುದು ಸೆರೆ ಅಂಗಡಿಯ ಹತ್ತಿರ ನಿಂತುಹೋಯಿತಂತೆ. ಅವಳು ಒಲೆ ಬಿಟ್ಟು ಎದ್ದು ಬಾಗಿಲಿಗೆ ಬಂದಳಂತೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿಸಿತಂತೆ, ಈ ಸಲ ಗಂಡಸರ ಮನೆಯ ದಿಕ್ಕಿನಿಂದ. ಅಂದು ಅವನು ದಾವಲಸಾಬನ ಅಡುಗೆಮನೆಯಲ್ಲಿ ಕೂತು, ಒಂದು ಬುಟ್ಟಿ ಪೂರ್ತಿ ಹೆಚ್ಚಿ ಮನೆಗೆ ಹೋದ. ನಾನೇ ಕಂಡಿದ್ದೇನೆ.

ಅದಾಗಿ ಎಷ್ಟು ಕಾಲವೋ. ಒಂದು ಮಧ್ಯಾಹ್ನ ನಾನು ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಸಂತೆಯ ದಿನ, ಜನ ತುಂಬಿದ್ದರು. ಅವನು ಮುಂದಿನ ಮೇಜು ಒರೆಸುತ್ತಿದ್ದ. ಅವಳು ಒಲೆಯ ಮುಂದೆ, ಎರಡೂ ಕೈ ಹಿಟ್ಟಿನಲ್ಲಿ, ಪಕ್ಕದ ಕೊಡ ಖಾಲಿ. ಪಲ್ಯಕ್ಕೆ ಉಪ್ಪು ಸಾಲದೆಂದು ಯಾರೋ ಗೊಣಗುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ. ಹಿಟ್ಟು ತಟ್ಟುವ ಲಯದಲ್ಲೇ, ಒಲೆಗೆ ಹೇಳುವವಳ ಹಾಗೆ ಅಂದಳು:

"ಉಪ್ಪಿಲ್ಲದ ಪಲ್ಯಾ ಸಪ್ಪ, ಮನಸಿಲ್ಲದ ರೊಟ್ಟಿ ದಪ್ಪ,
ಕೊಡದಾಗ ನೀರಿಲ್ಲ, ತಗೊಂಡ ಬರ್ರಿ ಯಮನೂರಪ್ಪ."

ಮೇಜಿನ ಮೇಲಿನ ಬಟ್ಟೆ ನಿಂತಿತು. ನನ್ನ ಬಾಯಲ್ಲಿ ತುತ್ತಿತ್ತು, ಅದರ ಜೊತೆಗೇ ಆ ಹೆಸರೂ ಬಂದು ಕೂತಿತು. ಎಂದೂ ಹೋಗಿರದ ಹಾಗೆ, ಪೂರ್ತಿಯಾಗಿ. ಪಕ್ಕದವನು ಆಗಲೇ "ಅರೇ, ಯಮನೂರಪ್ಪ!" ಎಂದು ಎದ್ದು ನಿಂತಿದ್ದ. ಹೊರಗೆ ರಸ್ತೆಯಲ್ಲಿ ಯಾರೋ ಅದನ್ನೇ ಕೂಗಿದರು, ಆಚೆ ಬಸ್‌ಸ್ಟ್ಯಾಂಡಿನಲ್ಲಿ ಇನ್ಯಾರೋ.

ಯಮನೂರಪ್ಪ ಒದ್ದೆ ಬಟ್ಟೆ ಹಿಡಿದುಕೊಂಡು ಒಲೆಯ ಹತ್ತಿರ ಹೋದ.

"ಏನಂದಿ ಕಸ್ತೂರಿ?" ಎಂದ.

"ನೀರ ತಗೊಂಡ ಬರ್ರಿ ಅಂದೆ," ಎಂದಳು ಅವಳು, ರೊಟ್ಟಿ ತಿರುವುತ್ತ. "ಮಂದಿ ಕುಂತಾರ."